ಹಾಲಿನ ಲೋಟದ ಮೇಸ್ತ್ರಿ

ಮುಂದಿನ ಫೋರ್ಕ್ ಕೆಟ್ಟ ಬೈಕನ್ನು ತಳ್ಳಿಕೊಂಡು ಯಾರಾದರೂ ಆ ಬೀದಿಗೆ ಬಂದರೆ ಹೆಚ್ಚು ವಿಚಾರಿಸಬೇಕಾಗಿರಲಿಲ್ಲ. ಮೊದಲನೇ ಅಂಗಡಿಯವರೇ ಕೈ ತೋರಿಸುತ್ತಿದ್ದರು. "ಹಾಲಿನ ಲೋಟದ ಮೇಸ್ತ್ರಿನಾ? ಅಗೋ, ಆ ನೀಲಿ ಬಾಗಿಲು."

ಬೈಕಿಗೂ ಹಾಲಿಗೂ ಎಲ್ಲಿಯ ನಂಟು ಎಂದು ಹೊಸಬರು ಅನುಮಾನದಿಂದಲೇ ಒಳಗೆ ಇಣುಕುತ್ತಿದ್ದರು. ಒಳಗೆ ಹಾಲೂ ಇರಲಿಲ್ಲ, ಲೋಟವೂ ಇರಲಿಲ್ಲ. ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಸ್ಪ್ರಿಂಗುಗಳಿದ್ದವು. ನೆಲದ ಮೇಲೆ ಎಣ್ಣೆ ಕುಡಿದು ಕಪ್ಪಗಾದ ಹಲಗೆ, ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತ ನರೆಮೀಸೆಯ ಒಬ್ಬ ಮನುಷ್ಯ. ಬಂದ ಬೈಕಿನ ಹ್ಯಾಂಡಲ್ ಹಿಡಿದು ಬಲವಾಗಿ ಒಮ್ಮೆ ಅದುಮಿ, ಕಣ್ಣು ಮುಚ್ಚಿ, ಅದು ಮೇಲೇಳುವುದನ್ನು ಅಂಗೈಯಲ್ಲೇ ಕೇಳಿಸಿಕೊಂಡು, "ಎಡಗಾಲು ಬಲಗಾಲಿನ ಮಾತು ಕೇಳ್ತಿಲ್ಲ. ಬಿಟ್ಟು ಹೋಗಿ" ಅನ್ನುತ್ತಿದ್ದ. ಮುಂದಿನ ಚಕ್ರವನ್ನು ಹಿಡಿದು ದಾರಿಯ ಧಕ್ಕೆ ನುಂಗುವ ಫೋರ್ಕಿನ ಎರಡು ಬದಿಗಳನ್ನು ಅವನು ಕಾಲು ಅಂತಲೇ ಕರೆಯುತ್ತಿದ್ದುದು.

ಆ ಅಡ್ಡಹೆಸರು ಬಂದದ್ದು ಅವನ ಮದುವೆಯ ಹೊಸದರಲ್ಲಿ. ದೂರದ ಪ್ರಯಾಣಕ್ಕೆಂದೇ ಯಾವುದೋ ಕಾಲದಲ್ಲಿ ತಯಾರಾದ ಒಂದು ದೊಡ್ಡ ಬೈಕನ್ನು ಅವನು ಗುಜರಿಯಿಂದ ಎತ್ತಿಕೊಂಡು ಬಂದು ಜೀವ ತುಂಬಿದ್ದ. ಮುಂದೆ ಅಗಲವಾದ ಗಾಜು, ಹಿಂದೆ ಎರಡೂ ಬದಿಗೆ ಪೆಟ್ಟಿಗೆ, ಎಮ್ಮೆಯಂಥ ಮೈ, ಎಮ್ಮೆಯಂಥದೇ ಸಮಾಧಾನ. ಒಂದು ದಿನ ಟೀ ಅಂಗಡಿಯ ಮುಂದೆ, ಪಂಕ್ಚರ್ ಹಾಕುವ ಗೆಳೆಯನ ಎದುರಿಗೆ, ಮೇಸ್ತ್ರಿಯ ಬಾಯಿ ಸ್ವಲ್ಪ ದೊಡ್ಡದಾಯಿತು.

"ಈ ಗಾಡಿ ಮೇಲೆ ತುಂಬಿದ ಹಾಲಿನ ಲೋಟ ಇಟ್ಕೊಂಡು ಊರು ಸುತ್ತಿದ್ರೂ ಒಂದು ತೊಟ್ಟು ಚೆಲ್ಲಲ್ಲ ಕಣೋ."

ಪಂಕ್ಚರಿನವನಿಗೆ ಇಷ್ಟು ಸಾಕಿತ್ತು. ಟೀ ಅಂಗಡಿಯಿಂದ ಸ್ಟೀಲ್ ಲೋಟ ತಂದ, ಅಂಚಿನವರೆಗೆ ಹಾಲು ಹುಯ್ಯಿಸಿದ, ಮನೆಯ ಬಾಗಿಲಲ್ಲಿ ನಿಂತಿದ್ದ ಹೊಸ ಮದುಮಗಳ ಕೈಗೆ ಕೊಟ್ಟ. "ಅತ್ತಿಗೆ, ಸಾಕ್ಷಿ ನೀವೇ." ಅವಳು ನಾಚಿ, ಸೆರಗು ಸಿಕ್ಕಿಸಿ, ಲೋಟ ಹಿಡಿದು ಹಿಂದೆ ಕೂತಳು. ಮಾರುಕಟ್ಟೆಯ ಬೀದಿ, ರೈಲ್ವೆ ಗೇಟು, ಕಲ್ಲು ಕಿತ್ತುಹೋದ ಹಳೇ ಸೇತುವೆ ಎಲ್ಲ ದಾಟಿ ತಿರುಗಿ ಬಂದರೆ ಲೋಟದಲ್ಲಿ ಹಾಲು ಹುಯ್ದಂತೆಯೇ ಇತ್ತು. ಬೀದಿಯೇ ಚಪ್ಪಾಳೆ ತಟ್ಟಿತು. ಅಂದಿನಿಂದ ಅವನು ಹಾಲಿನ ಲೋಟದ ಮೇಸ್ತ್ರಿ. ಊರಿನ ಫೋರ್ಕುಗಳೆಲ್ಲ ಆ ನೀಲಿ ಬಾಗಿಲ ಕಡೆ ಬರತೊಡಗಿದವು.

ಆಮೇಲಿನ ವರ್ಷಗಳಲ್ಲಿ ಗಂಡ ಹೆಂಡತಿ ಅದೇ ಬೈಕಿನಲ್ಲಿ ಕಡಲು ನೋಡಿದರು, ಬೆಟ್ಟ ನೋಡಿದರು, ದಾರಿ ತಪ್ಪಿ ಯಾರದೋ ಹೊಲದ ಮನೆಯಲ್ಲಿ ಮಲಗಿದರು. ಮಕ್ಕಳಾಗಲಿಲ್ಲ. ಕೇಳಿದವರಿಗೆ ಅವಳು ಬೈಕನ್ನು ತೋರಿಸಿ, "ಇದನ್ನ ಸಾಕೋದ್ರಲ್ಲೇ ಸಾಕಾಗಿದೆ" ಅಂದು ನಗುತ್ತಿದ್ದಳು. ಎಲ್ಲಾದರೂ ಗಾಡಿ ನಿಂತಾಗ ಮೇಸ್ತ್ರಿ ತಿರುಗಿ ನೋಡದೆ ಎಡಗೈಯನ್ನು ಹಿಂದೆ ಚಾಚಿ ಅವಳ ಮೊಣಕಾಲನ್ನು ಒಮ್ಮೆ ತಟ್ಟುತ್ತಿದ್ದ. ಇದ್ದೀಯಾ ಎಂದು ಕೇಳಿದ ಹಾಗೆ. ಅವಳು ಅವನ ಬೆನ್ನಿಗೆ ಬೆರಳಲ್ಲಿ ಕುಟುಕುತ್ತಿದ್ದಳು. ಎಲ್ಲಿಗೆ ಹೋಗಲಿ ಎಂದ ಹಾಗೆ.

ಈಗ ಅವಳ ಕತ್ತು ಹಿಡಿದುಕೊಂಡಿತ್ತು. ಮೊದಲು ನೋವು, ಆಮೇಲೆ ಬೆರಳ ತುದಿಗೆ ಜೋಮು. ಕತ್ತಿನ ಮೂಳೆ ಸವೆದಿದೆ ಎಂದು ಡಾಕ್ಟರು ದಪ್ಪನೆಯ ಪಟ್ಟಿ ಕಟ್ಟಿದರು.

"ಕತ್ತು ಚಾಚಬಾರದು. ಧಕ್ಕೆ ಆಗಬಾರದು. ನುಣ್ಣಗೆ ಹೋಗೋ ಗಾಡಿಯಾದ್ರೆ ನಿಧಾನವಾಗಿ ಓಡಾಡಬಹುದು."

"ನಮ್ದು ನುಣ್ಣಗೇ ಹೋಗೋದು ಡಾಕ್ಟ್ರೇ" ಅಂದ ಮೇಸ್ತ್ರಿ, ಎದೆಯುಬ್ಬಿಸಿ.

ವಾಪಸು ಬರುವಾಗ ಮನೆಯ ಬೀದಿಯ ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು. ಅವನು ಬ್ರೇಕು ಹಿಡಿದ. ಮುಂಭಾಗ ಮುಗ್ಗರಿಸಿದಂತೆ ಕುಸಿದು ಟಕ್ ಎಂದು ತಳ ಮುಟ್ಟಿತು. ಹಿಂದಿನಿಂದ "ಅಯ್ಯೋ" ಎಂಬ ಸಣ್ಣ ದನಿ ಕೇಳಿತು.

"ನಿಲ್ಸಿ. ಇಳೀತೀನಿ."

ಇಳಿದು ನಡೆದಳು. ಅವನು ಪಕ್ಕದಲ್ಲೇ ಗಾಡಿಯನ್ನು ಕಾಲಲ್ಲಿ ನೂಕಿಕೊಂಡು ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅವಳು ಹೇಳಿದಳು: "ಇನ್ನು ನಾನು ಹತ್ತಲ್ಲ ರೀ. ನೀವೊಬ್ರೇ ಓಡಿಸ್ಕೊಳ್ಳಿ."

ದನಿಯಲ್ಲಿ ಕೋಪವಿರಲಿಲ್ಲ. ಮೇಸ್ತ್ರಿಗೆ ದಿಗಿಲಾದದ್ದು ಅದಕ್ಕೇ. ಕೋಪವಾಗಿದ್ದರೆ ಇಳಿಸುವ ದಾರಿ ಅವನಿಗೆ ಗೊತ್ತಿತ್ತು.

ಆಮೇಲೆ ಅವನೊಬ್ಬನೇ ಓಡಿಸಿದ. ಅಂಗಡಿಗೆ, ಅಂಗಡಿಯಿಂದ ಮನೆಗೆ, ಸಾಮಾನು ತರಲು ರೈಲ್ವೆ ಗೇಟಿನಾಚೆಗೆ. ಒಂದು ಸಂಜೆ ಗೇಟಿನಲ್ಲಿ ರೈಲಿಗೆ ಕಾಯುವಾಗ ಎಡಗೈ ತಾನಾಗಿ ಹಿಂದೆ ಹೋಗಿ ಖಾಲಿ ಸೀಟನ್ನು ತಟ್ಟಿತು. ಪಕ್ಕದ ಲಾರಿಯವನು ನೋಡಿದ್ದು ಕಂಡು ಸೀಟಿನ ಧೂಳು ಕೊಡವಿದಂತೆ ಮಾಡಿದ. ಮಾರನೆಯ ದಿನ ನಡೆದೇ ಅಂಗಡಿಗೆ ಬಂದ.

"ಗಾಡಿ ಎಲ್ಲಿ?" ಅಂದ ಪಂಕ್ಚರಿನವನು. ಅವನ ಗಾಳಿ ಯಂತ್ರ ನೀಲಿ ಬಾಗಿಲ ಎದುರಿಗೇ ಇತ್ತು. ಇಷ್ಟು ವರ್ಷದಲ್ಲಿ ಅವನಿಗೂ ಗಾಳಿಮಾಮ ಎಂದು ಹೆಸರು ಬಿದ್ದಿತ್ತು. ಟಯರಿಗೆ ತುಂಬುವುದೂ ಗಾಳಿ, ಆಡುವುದೂ ಗಾಳಿಮಾತು ಎಂದು.

"ಫೋರ್ಕ್ ಬಿಚ್ಚಬೇಕು."

"ಬಿಚ್ಚು ಬಿಚ್ಚು. ಊರವರ ಗಾಡಿಗೆಲ್ಲ ಹೊಸ ಕಾಲು, ನಿನ್ನ ಗಾಡಿ ಕಾಲಿಗೆ ಬಟ್ಟೆ ಚೂರು. ಅದೇನು ಗಾಯದ ಪಟ್ಟಿನಾ?"

ಮಾತು ಸುಳ್ಳಾಗಿರಲಿಲ್ಲ. ಫೋರ್ಕಿನ ಬಲಗಾಲಿನಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲು ಹೋಗಿ ಎಣ್ಣೆ ಒಸರುತ್ತಿದ್ದುದು ಇಂದು ನಿನ್ನೆಯದಲ್ಲ. ಒಂದು ಬಟ್ಟೆ ಸುತ್ತಿ ಸುಮ್ಮನಿದ್ದ. ಲೋಟದ ಹಾಲು ಚೆಲ್ಲದ ಗಾಡಿಗೆ ಏನಾಗುತ್ತದೆ ಎಂಬ ಧೈರ್ಯ.

ಬೈಕನ್ನು ಅಂಗಡಿಗೆ ತಂದು ನಡುಸ್ಟ್ಯಾಂಡ್ ಹಾಕಿ, ಇಂಜಿನ್ನಿನ ಅಡಿಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಕಳಚಿದ. ಬ್ರೇಕನ್ನು ತಂತಿಯಲ್ಲಿ ಕಟ್ಟಿ ಮೇಲೆ ತೂಗುಹಾಕಿದ, ಬ್ರೇಕಿನ ರಬ್ಬರ್ ಕೊಳವೆಗೆ ಭಾರ ಬೀಳಬಾರದೆಂದು. ಫೋರ್ಕಿನ ಮೇಲಿನ ಮುಚ್ಚಳಗಳನ್ನು ಅಂಗೈಯಿಂದ ಒತ್ತಿ ಹಿಡಿದು ತಿರುಗಿಸಿದ. ಒಳಗಿನ ಸ್ಪ್ರಿಂಗು ಅದನ್ನು ಮುಖಕ್ಕೆ ಎಸೆಯಲು ಕಾದಿರುತ್ತದೆ. ಕಾಲುಗಳನ್ನು ಬೋರಲು ಹಾಕಿದಾಗ ಬಂದ ಎಣ್ಣೆ ಕೆಸರಿನ ಬಣ್ಣಕ್ಕಿತ್ತು, ಕೊಳೆತ ಮೀನಿನ ವಾಸನೆ. ಬೇರೆ ಯಾರದಾದರೂ ಗಾಡಿಯಾಗಿದ್ದರೆ ಮೇಸ್ತ್ರಿ ಆ ಮಾಲೀಕನಿಗೆ ಛೀಮಾರಿ ಹಾಕುತ್ತಿದ್ದ. ಈಗ ಬಕೆಟ್ಟನ್ನು ಗಾಳಿಮಾಮನ ಕಣ್ಣಿಗೆ ಬೀಳದಂತೆ ಬೆಂಚಿನಡಿ ಸರಿಸಿದ.

ಕೆಳಗಿನ ದಪ್ಪ ಕೊಳವೆಗೆ ಕೆಲಸದವರು ಬಾಟಲ್ ಅನ್ನುತ್ತಾರೆ. ಅದರ ತಳದ ಬೋಲ್ಟು ಬಿಚ್ಚುವುದೇ ದೊಡ್ಡ ಕಾಟ. ಕೆಳಗಿನಿಂದ ತಿರುಗಿಸಿದರೆ ಒಳಗಿನ ಸರಳೂ ಜೊತೆಗೇ ತಿರುಗುತ್ತದೆ. ಮೇಲಿನಿಂದ ಉದ್ದನೆಯ ಮರದ ಕೋಲು ಇಳಿಸಿ ಆ ಸರಳನ್ನು ಅದುಮಿ ಹಿಡಿಯಬೇಕು. ಅಂಗಡಿಯ ಕೋಲು ದಪ್ಪವಾಯಿತು. ಮೇಸ್ತ್ರಿ ಮನೆಗೆ ಹೋಗಿ ಪೊರಕೆಯ ಹಿಡಿಕೆ ಕಳಚಿಕೊಂಡು ಬಂದು ತುದಿ ಕೆತ್ತಿದ. ಸರಿಯಾಗಿ ಕೂತಿತು.

ಮಾರನೆಯ ದಿನ ಕೊಳವೆ ನೆಟ್ಟಗಿದೆಯೇ ಎಂದು ನೋಡಬೇಕಾಗಿತ್ತು. ಅದಕ್ಕೆ ಗಾಜಿನ ಮೇಲೆ ಉರುಳಿಸಬೇಕು. ಮೇಸ್ತ್ರಿ ಹೆಂಡತಿಯ ಕನ್ನಡಿ ಮೇಜಿನ ಮೇಲಿದ್ದ ಗಾಜನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಅದರ ಮರುದಿನ ಅವಳ ಹೆಣಿಗೆ ಕಡ್ಡಿಯೊಂದು ಕಾಣೆಯಾಯಿತು.

ಆಗ ಅವಳೇ ಅಂಗಡಿಗೆ ಬಂದಳು. ಪಟ್ಟಿ ಕಟ್ಟಿದ ಕತ್ತು ತಿರುಗುತ್ತಿರಲಿಲ್ಲವಾದ್ದರಿಂದ ಇಡೀ ಮೈಯನ್ನೇ ತಿರುಗಿಸಿ, ತನಿಖೆಗೆ ಬಂದ ಅಧಿಕಾರಿಯ ಗತ್ತಿನಲ್ಲಿ ಮೂಲೆ ಮೂಲೆ ನೋಡಿದಳು.

"ನನ್ನ ಪೊರಕೆ?"

ಮೇಸ್ತ್ರಿ ಕೊಳವೆಯೊಳಗಿನಿಂದ ಕೋಲು ಎಳೆದು ತೋರಿಸಿದ.

"ಗಾಜು?"

ಬೆಂಚಿನ ಮೇಲಿತ್ತು. ಮೇಲೆ ಎಣ್ಣೆಯ ಗೆರೆಗಳು.

"ಕಡ್ಡಿ ಕೇಳೋದೇ ಬೇಡ ಅನ್ಸುತ್ತೆ."

"ಇಲ್ಲಿದೆ, ಇಲ್ಲಿದೆ. ಎಣ್ಣೆ ಎಷ್ಟು ಎತ್ತರಕ್ಕಿದೆ ಅಂತ ಅಳೆಯೋಕೆ. ಎರಡು ಕಾಲಲ್ಲೂ ಒಂದೇ ಮಟ್ಟ ಇರಬೇಕು. ನಿನ್ನ ಕಡ್ಡಿಯಷ್ಟು ನೆಟ್ಟಗಿರೋದು ಈ ಊರಲ್ಲಿ ಬೇರೆ ಯಾವುದಿದೆ ಹೇಳು?"

"ಬೆಣ್ಣೆ ಹಚ್ಚಬೇಡಿ. ನಾಳೆ ಒಲೆ ಹೊತ್ಕೊಂಡು ಬರ್ತೀರಾ, ಇಲ್ಲ ನನ್ನನ್ನೇ ಹೊತ್ಕೊಂಡು ಬರ್ತೀರಾ?"

"ನಿನ್ನ ತೂಕ ಗೊತ್ತಾಗದೆ ಹೇಗೆ ಹೊರಲಿ?" ಅವನು ಮೆಲ್ಲಗೆ ಗಾಳ ಹಾಕಿದ. ಸ್ಪ್ರಿಂಗು ಹಳೆಯದು, ಕುಸಿದಿತ್ತು. ಮೇಲೆ ಒಂದು ತುಂಡು ಕೊಳವೆ ಇಟ್ಟು ಬಿಗಿ ಮಾಡಬೇಕು. ತುಂಡು ಎಷ್ಟುದ್ದ ಎಂಬುದು ಕೂರುವವರ ತೂಕದ ಮೇಲೆ. "ನಿಜವಾಗ್ಲೂ ಬೇಕು ಕಣೇ. ಎಷ್ಟಿದ್ದೀಯ?"

"ಮದುವೆಗೆ ಮುಂಚೆ ಕೇಳ್ಬೇಕಿತ್ತು" ಅಂದಳು. ನಂತರ ಬಿಚ್ಚಿಟ್ಟ ಕಾಲುಗಳನ್ನು, ಸಾಲಾಗಿ ಬಟ್ಟೆಯ ಮೇಲೆ ಜೋಡಿಸಿದ ವಾಷರುಗಳನ್ನು ನೋಡಿದಳು. ಮುಖದ ಗತ್ತು ಇಳಿಯಿತು. "ಇದೆಲ್ಲ ಯಾಕೆ ರೀ? ನಾನು ಹತ್ತಲ್ಲ ಅಂದಿದೀನಲ್ಲ."

"ಹತ್ತಬೇಡ. ಗಾಡಿ ಸರಿಯಾಗಿರಲಿ ಅಷ್ಟೇ."

ಅವಳು ಪೊರಕೆ ಕೋಲನ್ನೂ ಕೇಳದೆ ಹೊರಟುಹೋದಳು.

ಗಾಜಿನ ಮೇಲೆ ಉರುಳಿಸಿದಾಗ ಬಲಗಾಲಿನ ಕೊಳವೆಯ ಅಡಿಯಲ್ಲಿ ಕೂದಲೆಳೆಯಷ್ಟು ಬೆಳಕು ತೂರಿತ್ತು. ಮೇಸ್ತ್ರಿ ಅದನ್ನು ಪ್ರೆಸ್ಸಿನಡಿ ಇಟ್ಟು, ಒತ್ತಿ, ತೆಗೆದು ನೋಡಿ, ಮತ್ತೆ ಒತ್ತಿ, ಬೆಳಕು ಮಾಯವಾಗುವವರೆಗೂ ಬಿಡಲಿಲ್ಲ. ಕೊಳವೆಗಳ ನಡುವೆ ಬಳೆಯ ಹಾಗೆ ಕೂರುವ ಹಳೆಯ ಬುಶ್ಶುಗಳ ಲೇಪ ಮುಂಬದಿಯಲ್ಲಿ ಪೂರ್ತಿ ಸವೆದು ಹಿತ್ತಾಳೆ ಹೊಳೆಯುತ್ತಿತ್ತು. ಹೊಸವನ್ನು ಹಾಕಿದ. ಸೀಲಿನ ತುಟಿ ಕೊಳವೆಯ ಅಂಚಿಗೆ ತಾಗಿ ಸೀಳಬಾರದೆಂದು ಅಂಚಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ, ಗ್ರೀಸು ಸವರಿ, ಕೂಸಿಗೆ ಅಂಗಿ ತೊಡಿಸುವ ಹಾಗೆ ಮೆಲ್ಲಗೆ ಇಳಿಸಿದ. ಸ್ಪ್ರಿಂಗು ಹಾಕುವ ಮುಂಚೆ ಕಾಲನ್ನು ಪೂರ್ತಿ ಕುಗ್ಗಿಸಿ ಎಣ್ಣೆ ಹುಯ್ದು ಕಡ್ಡಿ ಇಳಿಬಿಟ್ಟ. ತುದಿ ಒದ್ದೆಯಾಗಿದ್ದನ್ನು ಬೆಳಕಿಗೆ ಹಿಡಿದು ನೋಡಿದ, ಒರೆಸಿದ, ಇನ್ನೊಂದು ಕಾಲಿಗೆ ಇಳಿಬಿಟ್ಟ. ಒಂದೇ ಮಟ್ಟ.

ತೂಕ ಅವನೇ ಅಂದಾಜು ಮಾಡಿದ. ಒಂದು ಕಾಲದಲ್ಲಿ ಹಳ್ಳ ದಾಟಿಸಲು ಅವಳನ್ನು ಎತ್ತಿದ್ದನ್ನು ನೆನೆಸಿಕೊಂಡು, ಅದಕ್ಕೆ ಈ ವರ್ಷಗಳದನ್ನು ಸೇರಿಸಿ, ಆ ಲೆಕ್ಕಕ್ಕೆ ತುಂಡು ಕೊಳವೆ ಕತ್ತರಿಸಿ ಗಾಡಿ ಜೋಡಿಸಿದ, ಅಷ್ಟೇ ತೂಕದ ಮರಳನ್ನು ಚೀಲಕ್ಕೆ ತುಂಬಿದ. ಹಿಂದಿನ ಸೀಟಿಗೆ ಚೀಲ ಕಟ್ಟಿಕೊಂಡು ಹೋಗಿಬಂದ. ಹಳೇ ಸೇತುವೆಯ ಮೇಲೆ ಬೈಕು ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಯಿತು. ಬ್ರೇಕು ಹಿಡಿದರೆ ದೊಡ್ಡವರಿಗೆ ತಲೆಬಾಗುವಷ್ಟೇ ಬಾಗಿ, ಮೆಲ್ಲಗೆ ಎದ್ದಿತು.

"ಅತ್ತಿಗೆ ಸೊರಗಿಬಿಟ್ಟಿದಾರೆ" ಅಂದ ಗಾಳಿಮಾಮ, ಚೀಲ ನೋಡಿ. "ಮಾತೂ ಕಡಿಮೆ. ಪುಣ್ಯವಂತ ನೀನು."

ಮನೆಯಲ್ಲಿ ಅವಳನ್ನು ಒಪ್ಪಿಸುವುದು ಫೋರ್ಕಿಗಿಂತ ಕಷ್ಟವಾಯಿತು. ಎರಡು ದಿನ ಅವನು ಮಾತೆತ್ತಲಿಲ್ಲ, ಬೈಕನ್ನು ಅಡುಗೆಮನೆಯ ಕಿಟಕಿಗೆ ಕಾಣುವಂತೆ ನಿಲ್ಲಿಸಿದ, ಅಷ್ಟೇ. ಮೂರನೆಯ ದಿನ ಅವಳೇ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಅಂಚೆ ಕಚೇರಿವರೆಗೆ. ಆಮೇಲೆ ಪೀಡಿಸಬಾರದು."

ಅವನು ಮೊಟ್ಟೆಯ ಬುಟ್ಟಿ ಒಯ್ಯುವವನಂತೆ ಓಡಿಸಿದ. ಗಾಳಿಮಾಮ ತಮಾಷೆ ನೋಡಲು ಸ್ಕೂಟರಿನಲ್ಲಿ ಹಿಂದೆಯೇ ಬಂದ. ಹೋಗುವಾಗ ಒಂದೂ ಕುಲುಕಿಲ್ಲ, ಬರುವಾಗ ಒಂದೂ ಟಕ್ಕಿಲ್ಲ. ಮನೆಯ ಮುಂದೆ ನಿಲ್ಲಿಸಿ, ಬಹುಮಾನಕ್ಕೆ ಕಾದ ಮಗುವಿನಂತೆ ತಿರುಗಿ ನೋಡಿದ. ಅವಳ ಕೈ ಕತ್ತಿನ ಮೇಲಿತ್ತು. ತುಟಿ ಕಚ್ಚಿಕೊಂಡಿದ್ದಳು.

"ತುಂಬಾ ಚೆನ್ನಾಗಿದೆ ರೀ" ಅಂದಳು. "ನಿಜವಾಗ್ಲೂ." ಒಳಗೆ ಹೋಗಿ ಮಲಗಿಬಿಟ್ಟಳು.

ಮೇಸ್ತ್ರಿ ಅಂಗಡಿಗೆ ಬಂದು ಹಲಗೆಯ ಮೇಲೆ ಕುಸಿದು ಕೂತ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಸ್ಪ್ಯಾನರು ತೆಗೆದುಕೊಂಡ.

"ಏನು ಮಾಡ್ತೀಯ?" ಅಂದ ಗಾಳಿಮಾಮ.

"ಮತ್ತೆ ಬಿಚ್ತೀನಿ. ಎಣ್ಣೆ ಗಟ್ಟಿಯಾಯ್ತೇನೋ. ಅವಳಿಗೆ ನೋವಾಯ್ತು."

"ಫೋರ್ಕಿಗೆ ಏನಾಗಿದೆ? ನಾನು ಹಿಂದೆ ಬಂದೆನಲ್ಲ, ಚಕ್ರ ತೇಲ್ತಾ ಇತ್ತು. ಆದ್ರೆ ಅತ್ತಿಗೆ ಇನ್ನೂ ಏಳ್ತಾರಲ್ಲೋ, ಅದಕ್ಕೇನು ಮಾಡ್ತೀಯ?"

"ಏಳೋದಾ? ಎಲ್ಲಿಂದ?"

ಗಾಳಿಮಾಮ ಅವನ ಮುಖ ನೋಡಿದ. ನಗಲು ತೆರೆದ ಬಾಯಿ ಹಾಗೇ ನಿಂತಿತು. "ನಿನಗೆ ಗೊತ್ತಿಲ್ವಾ?"

"ಏನು ಗೊತ್ತಿಲ್ಲ?"

"ಅಲ್ಲಯ್ಯ ಪುಣ್ಯಾತ್ಮ, ಅವರು ನಿನ್ನ ಭುಜದ ಮೇಲಿಂದ ಕತ್ತು ಚಾಚಿ ದಾರಿ ನೋಡ್ತಿರ್ತಾರೆ. ಗುಂಡಿ ಬಂತು ಅಂದ್ರೆ ಕಾಲೂರಿ ಸೀಟಿಂದ ಒಂದು ಗೇಣು ಮೇಲಕ್ಕೇಳ್ತಾರೆ. ದಾಟಿದ ಮೇಲೆ ಕೂರ್ತಾರೆ. ಮೊದಲಿಂದ್ಲೂ ಹಾಗೇ. ನಿಮ್ಮ ಹಿಂದೆ ಗಾಡಿ ಓಡಿಸಿದೋರೆಲ್ಲ ನೋಡಿದಾರೆ. ಆ ಟೀ ಅಂಗಡಿಯವನ ಮಗ ಚಿಕ್ಕವನಿದ್ದಾಗ ಅದನ್ನ ಆಡಿ ತೋರಿಸಿ ನಗಿಸ್ತಿದ್ದ." ದನಿ ತಗ್ಗಿಸಿದ. "ನಿನಗೂ ಗೊತ್ತಿದೆ ಅಂತಲೇ ಅಂದ್ಕೊಂಡಿದ್ದೆ ಕಣೋ. ನಿನ್ನ ಹೆಂಡ್ತಿ ಅಲ್ವಾ."

ಇಡೀ ಊರು ಕಂಡದ್ದು ಅವನ ಬೆನ್ನಿಗೆ ಮಾತ್ರ ಕಂಡಿರಲಿಲ್ಲ. ಮೇಸ್ತ್ರಿ ಸ್ಪ್ಯಾನರನ್ನು ಅದರ ಜಾಗದಲ್ಲೇ ಇಟ್ಟ. ಅಂಗಡಿಗೆ ಬೀಗ ಹಾಕಿ ಮನೆಗೆ ನಡೆದ.

ಅವಳು ಎದ್ದು ಕಿಟಕಿಯ ಹತ್ತಿರ ಕೂತು ಹೆಣಿಗೆ ಹಿಡಿದಿದ್ದಳು. ಒಂದು ಕಡ್ಡಿ ಬೆಳ್ಳಗೆ, ಇನ್ನೊಂದು ಎಣ್ಣೆ ಕುಡಿದು ಹಳದಿ. ಅವನು ಎದುರಿಗೆ ನೆಲದ ಮೇಲೆ ಕೂತ.

"ಆವತ್ತು ಹಾಲು ಚೆಲ್ಲದೇ ಇದ್ದದ್ದು ಹೇಗೆ?"

ಕಡ್ಡಿಗಳು ನಿಂತವು. "ಆ ಗಾಳಿಮಾಮನ ಬಾಯಿಗೆ ಒಂದು ಪಂಕ್ಚರ್ ಹಾಕ್ಬೇಕು" ಅಂದಳು.

"ಹೇಳು."

"ಏನು ಹೇಳಲಿ? ಮದುವೆಯಾಗಿ ವಾರವೂ ಆಗಿರಲಿಲ್ಲ. ಬೀದಿಯವರೆಲ್ಲ ನಿಂತಿದ್ರು. ನೀವು ಮಾತು ಕೊಟ್ಟುಬಿಟ್ಟಿದ್ರಿ. ಚೆಲ್ಲಿದ್ರೆ ನಿಮ್ಮ ಮುಖ ಏನಾಗ್ತಿತ್ತು? ಗುಂಡಿ ಬಂದಾಗ ಕಾಲ ಮೇಲೆ ನಿಂತೆ. ಕೈಯನ್ನ ಸಡಿಲ ಬಿಟ್ಟೆ. ಚೆಲ್ಲಲಿಲ್ಲ." ಹೆಣಿಗೆಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಆಮೇಲೆ ನೀವು ಎಷ್ಟು ಖುಷಿಯಾಗಿದ್ರಿ ಅಂದ್ರೆ, ಹೇಳೋಕೆ ಮನಸ್ಸಾಗಲಿಲ್ಲ. ಆಮೇಲಾಮೇಲೆ ಅದೇ ಅಭ್ಯಾಸ ಆಯ್ತು. ಈಗ ನಾನು ಏಳಲ್ಲ ರೀ. ಮೊಣಕಾಲೇ ಏಳುತ್ತೆ."

ಅವನು ಅವಳ ಮೊಣಕಾಲನ್ನು ನೋಡಿದ. "ಇಷ್ಟು ವರ್ಷ ಆ ಗಾಡಿಗೆ ಫೋರ್ಕ್ ನೀನೇನಾ?"

"ಹೂಂ. ಈಗ ನಂದೂ ಸೀಲ್ ಹೋಗಿದೆ" ಅಂದು ಅವಳು ನಕ್ಕಳು. ಅವನು ನಗಲಿಲ್ಲ. ಅವಳು ಕಾಲ ಬೆರಳಿಂದ ಅವನ ಮಂಡಿಯನ್ನು ಕುಟುಕಿದಳು. "ಅಯ್ಯೋ, ಬಿಡಿ ಅಂದ್ರೆ. ನನಗೂ ಇಷ್ಟವೇ ಇತ್ತು. ದಾರಿಯೆಲ್ಲ ನೋಡ್ದೆ. ಬೇರೆ ಹೆಂಗಸರು ಗಂಡನ ಬೆನ್ನು ಮಾತ್ರ ನೋಡ್ತಾರೆ."

"ಇನ್ನು ನೀನೂ ಬೆನ್ನೇ ನೋಡು."

"ಆಗಲ್ಲ ರೀ. ಪ್ರಯತ್ನ ಮಾಡ್ದೆ ಇವತ್ತು. ಕಣ್ಣಿಗೆ ಗುಂಡಿ ಬಿತ್ತು ಅಂದ್ರೆ ಮೈ ಕೇಳಲ್ಲ."

ಮಾರನೆಯ ಬೆಳಿಗ್ಗೆ ಅವನು ಅವಳಿಗಿಂತ ಮೊದಲು ಎದ್ದ. ಅವಳು ಬಚ್ಚಲಿನಿಂದ ಬರುವಷ್ಟರಲ್ಲಿ ಬೈಕು ಬಾಗಿಲಲ್ಲಿತ್ತು. ಮೇಸ್ತ್ರಿ ಒಂದು ಕೈಯಲ್ಲಿ ಸ್ಟೀಲ್ ಲೋಟ ಹಿಡಿದು ನಿಂತಿದ್ದ. ಅಂಚಿನವರೆಗೆ ಹಾಲು.

"ಹುಚ್ಚು ಹಿಡೀತಾ ನಿಮಗೆ?"

"ಕೂತ್ಕೋ. ಈ ಸಲ ಚೆಲ್ಲಬೇಕು. ಚೆಲ್ಲದೇ ಇದ್ರೆ ನೀನು ಎದ್ದಿದೀಯ ಅಂತ ಅರ್ಥ. ಬೀದಿಯವರ ಮುಂದೆ ಸೋಲಿಸ್ಬೇಕು ನನ್ನ."

ಅವಳು ಅವನ ಮುಖವನ್ನು ನೋಡಿದಳು. ಲೋಟ ತೆಗೆದುಕೊಂಡು, ಎಡಗೈಯಿಂದ ಅವನ ಸೊಂಟ ಹಿಡಿದು ಕೂತಳು.

ನೀಲಿ ಬಾಗಿಲ ಮುಂದೆ ಹೋಗುವಾಗ ಗಾಳಿಮಾಮ ಟಯರು ಬಿಟ್ಟು ಎದ್ದು ನಿಂತ. "ಏನೋ ಇದು, ಹಳೇ ಪಂದ್ಯನಾ?"

"ಉಲ್ಟಾ ಪಂದ್ಯ" ಅಂತ ಕೂಗಿದ ಮೇಸ್ತ್ರಿ.

ಮಾರುಕಟ್ಟೆಯ ಮುಂದಿನ ಗುಂಡಿ ಬಂತು. ಫೋರ್ಕ್ ಮೆತ್ತಗೆ ಇಳಿದು ಎದ್ದಿತು. ಹಾಲು ಬೀಳಲೆಂದು ಅವನು ಬೆನ್ನಲ್ಲೇ ಕಾದ. ಏನೂ ಇಲ್ಲ.

"ನೀನು ಎದ್ದೆ" ಅಂದ.

"ಎದ್ದೆ" ಅಂತ ಅವಳೂ ಒಪ್ಪಿಕೊಂಡಳು, ಸಣ್ಣ ದನಿಯಲ್ಲಿ. "ಕಣ್ಣಿಗೆ ಕಂಡುಬಿಡ್ತು."

"ಮುಚ್ಚು ಕಣ್ಣು."

"ಭಯ ಆಗುತ್ತೆ ರೀ."

"ನನಗೂ" ಅಂದ ಮೇಸ್ತ್ರಿ. ಅದು ನಿಜವಾಗಿತ್ತು. ಇಷ್ಟು ವರ್ಷ ಅವನು ಅವಳನ್ನು ಕೂರಿಸಿಕೊಂಡು ಹೋಗಿದ್ದ ಎಂದುಕೊಂಡಿದ್ದ. ಇವತ್ತು ಮೊದಲ ಸಲ ಕೂರಿಸಿಕೊಂಡು ಹೋಗುತ್ತಿದ್ದ.

ಬೀದಿ ಮುಗಿದು ಗೇಟಿನ ದಾರಿ ಬಂತು. ಅವನು ವೇಗ ಇನ್ನೂ ಇಳಿಸಿದ. ಸ್ವಲ್ಪ ಹೊತ್ತಿಗೆ ಕತ್ತಿನ ಪಟ್ಟಿಯ ಅಂಚು ತನ್ನ ಬೆನ್ನಿಗೆ, ಎರಡು ಭುಜಗಳ ನಡುವೆ, ಒರಗಿದ್ದು ತಿಳಿಯಿತು. ನಂತರ ಅದರ ಹಿಂದಿನ ಭಾರ. ಅಷ್ಟು ಭಾರ ಯಾವತ್ತೂ ಅವನ ಬೆನ್ನಿಗೆ ಬಂದಿರಲಿಲ್ಲ. ಮರಳಿನ ಚೀಲ ಸ್ವಲ್ಪ ಕಡಿಮೆಯಾಗಿತ್ತು ಅನ್ನಿಸಿತು. ಆದರೂ ಫೋರ್ಕ್ ಹೊತ್ತಿತು.

ಗೇಟು ತೆರೆದಿತ್ತು. ಮುಂದಿನ ಚಕ್ರ ಹಳಿಯೇರಿ ಇಳಿಯಿತು, ಮತ್ತೆ ಏರಿ ಇಳಿಯಿತು. ಬೆಚ್ಚಗಿನದೇನೋ ಅವನ ಬೆನ್ನ ಮೇಲೆ ಬಿದ್ದು, ಅಂಗಿಯನ್ನು ಅಂಟಿಸಿಕೊಂಡು, ಸೊಂಟದವರೆಗೆ ಹರಿಯಿತು.

"ಚೆಲ್ತು ರೀ" ಅಂದಳು ಅವಳು. ಕಣ್ಣು ಇನ್ನೂ ಮುಚ್ಚಿಯೇ ಇತ್ತೆಂದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಗೊತ್ತಾಯ್ತು."

"ನಿಮ್ಮ ಹೆಸರೂ ಹೋಯ್ತು."

"ಹೋಗ್ಲಿ. ಕತ್ತು?"

ಅವಳು ಸ್ವಲ್ಪ ಯೋಚಿಸಿದಳು. ಕಾಲಿನ ಬೆರಳಿಂದ ತಲೆಯವರೆಗೆ ಒಮ್ಮೆ ಕೇಳಿ ನೋಡಿದವಳಂತೆ. "ಸುಮ್ಮನಿದೆ" ಅಂದಳು.

ಮೇಸ್ತ್ರಿ ಎಡಗೈಯನ್ನು ಹಿಂದೆ ಚಾಚಿ ಅವಳ ಮೊಣಕಾಲನ್ನು ತಟ್ಟಿದ. ಅದು ಸಡಿಲವಾಗಿತ್ತು.

"ಇನ್ನೂ ಅರ್ಧ ಲೋಟ ಇದೆ ರೀ. ಮನೆ ಕಡೆ ತಿರುಗಿಸ್ತೀರಾ?"

ತಿರುವು ಬಂದಿತ್ತು. ಅವನು ತಿರುಗಿಸಲಿಲ್ಲ. ಹಳೇ ಸೇತುವೆ ಮುಂದೆಯೇ ಇತ್ತು.